ಖಾಸ ಷಡ್ಡಕನ ಕಾರು

ನಮ್ಮ ಮನೆ ಮುಂದೆ ನಿಂತ ಕಾರು ನನ್ನದಲ್ಲ. ಪೆಟ್ರೋಲು ನನ್ನದು, ಪಂಕ್ಚರು ನನ್ನದು, ಧೂಳು ಕೂತ ಹಿಂದಿನ ಗಾಜಿನ ಮೇಲೆ ಓಣಿಯ ಹುಡುಗರು ಬೆರಳಿನಿಂದ ಬರೆದ ಬೈಗುಳವೂ ನನ್ನದೇ. ಆರ್‌ಸಿಯಲ್ಲಿರುವ ಹೆಸರು ಮಾತ್ರ ಷಡ್ಡಕನದು. ಹೈದರಾಬಾದಿನಲ್ಲಿದ್ದಾಗ ಕೊಂಡಿದ್ದ. ಮಸ್ಕತ್‌ನಲ್ಲಿ ನೌಕರಿ ಸಿಕ್ಕ ಮೇಲೆ ಬೀದರಿಗೆ ತಂದು ಬಿಟ್ಟು, “ನಿಂತಲ್ಲೇ ನಿಂತ್ರ ಬ್ಯಾಟರಿ ಸಾಯ್ತದ, ಆಗಾಗ ಓಡಸ್ರಿ ಅಣ್ಣಾ” ಅಂದು ವಿಮಾನ ಹತ್ತಿದ. ಅಂದಿನಿಂದ ನಾನು ಆ ಬ್ಯಾಟರಿಯ ಆಳು.

ಹೋದ ತಿಂಗಳು ಜಹೀರಾಬಾದಿನಲ್ಲಿ ಹೆಂಡತಿಯ ಕಡೆಯವರ ಮಗುವಿನ ತೊಟ್ಟಿಲ ಕಾರ್ಯ. ಬೀದರಿನಿಂದ 30 ಕಿಲೋಮೀಟರ್ ಆಸುಪಾಸು. ನಾನು, ಹೆಂಡತಿ, ಅವ್ವ, ಅವ್ವನ ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ. ಗಾಡಿಯ ನಂಬರು ತೆಲಂಗಾಣದ್ದು, ಹೊರಟಿದ್ದೂ ತೆಲಂಗಾಣಕ್ಕೇ. ಲೆಕ್ಕಕ್ಕೆ ನೋಡಿದರೆ ಗಾಡಿ ತವರಿಗೆ ಹೊರಟಿತ್ತು. ಆದರೂ ಗಡಿಯ ಹತ್ತಿರ ಒಬ್ಬ ಖಾಕಿಯವರು ಕೈ ಅಡ್ಡ ಹಾಕಿದರು. ಯಾವ ರಾಜ್ಯದ ಖಾಕಿ ಎಂದು ಕೇಳಬೇಡಿ, ನನಗೆ ಮತ್ತೆ ಅದೇ ದಾರಿಯಲ್ಲಿ ಹೋಗುವುದಿದೆ.

“ಗಾಡಿ ಯಾರ್ದು?”

“ನಮ್ಮ ಷಡ್ಡಕಂದ್ರಿ.”

“ಅವ್ರೆಲ್ಲಿ?”

“ಮಸ್ಕತ್‌ನಾಗ ಅದಾರ್ರಿ.”

“ಖಾಸ ಷಡ್ಡಕನಾ?”

ಖಾಸ ಅಣ್ಣ ಗೊತ್ತು, ಖಾಸ ಕಾಕಾ ಗೊತ್ತು. ಹೆಂಡತಿಯ ತಂಗಿಯ ಗಂಡನಲ್ಲಿ ಖಾಸ ಯಾವುದು, ಕಿರಾಯಿ ಯಾವುದು? ನನ್ನ ಮುಖ ನೋಡಿ ಅವ್ವ ಹಿಂದಿನ ಸೀಟಿನಿಂದ ಅನುವಾದಕ್ಕೆ ಇಳಿದಳು. “ಮರಾಠ್ಯಾಗ ಸಾಡೂ ಅಂತಾರಪಾ, ತೆಲುಗಿನಾಗ ತೋಡಲ್ಲುಡು ಅಂತಾರ.” ಮೂರು ಭಾಷೆಯಲ್ಲಿ ಸಾಬೀತಾದರೂ ಷಡ್ಡಕ ಮಸ್ಕತ್‌ನಲ್ಲೇ ಇದ್ದ.

ಮೊಬೈಲಿನಲ್ಲಿ ಡಿಜಿಲಾಕರ್ ತೆಗೆದು ತೋರಿಸಿದೆ. ಲೈಸೆನ್ಸು, ಆರ್‌ಸಿ, ಇನ್ಶೂರೆನ್ಸು, ಹೊಗೆಯ ಸರ್ಟಿಫಿಕೇಟು. ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದರು. ಯಾವುದೂ ಕಡಿಮೆ ಇರಲಿಲ್ಲ. ಅವರ ಸಂಕಟ ಶುರುವಾದದ್ದೇ ಅಲ್ಲಿಂದ. “ಕಾಗದ ಎಲ್ಲಾ ಬರೋಬರಿ ಅವ. ಆದ್ರ ಗಾಡಿ ಅಲ್ಲೀದು, ನೀವು ಇಲ್ಲೀವ್ರು. ನಡುವ ಏನೋ ಅದ.”

ನಡುವೆ ಇದ್ದದ್ದು 1988ರ ಮೋಟಾರು ವಾಹನ ಕಾಯ್ದೆ. ಅದರ 46ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ಆದ ನೋಂದಣಿ ಇಡೀ ದೇಶಕ್ಕೆ ಸಾಕು. ಓಡಿಸುವವನೇ ಮಾಲೀಕನಾಗಿರಬೇಕು ಎಂದು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹಾಗಿದ್ದರೆ ದೇಶದ ಲಾರಿ ಮಾಲೀಕರೆಲ್ಲ ಸ್ಟೇರಿಂಗ್ ಹಿಡಿದು ಕೂರಬೇಕಾಗುತ್ತಿತ್ತು. ಇದನ್ನು ನಾನು ಆಗ ಹೇಳಿದೆನೇ? ಇಲ್ಲ. ಕೈಯಲ್ಲಿ ಲಾಠಿ ಇದ್ದವರಿಗೆ ಕಲಮು ಹೇಳಬಾರದೆಂಬ ಬುದ್ಧಿ ನಮ್ಮ ಕಡೆ ಹಾಲಿನ ಜೊತೆಗೇ ಕುಡಿಸಿರುತ್ತಾರೆ.

ಬದಲಿಗೆ ಡ್ಯಾಶ್‌ಬೋರ್ಡಿನಿಂದ ಬ್ರಹ್ಮಾಸ್ತ್ರ ತೆಗೆದೆ. ನೂರು ರೂಪಾಯಿ ಸ್ಟಾಂಪ್ ಕಾಗದ, ಕೆಳಗೆ ನೋಟರಿಯ ಕೆಂಪು ಸೀಲು: ‘ಸದರಿ ವಾಹನವನ್ನು ನನ್ನ ಷಡ್ಡಕರು ಚಲಾಯಿಸಲು ನನ್ನ ಯಾವುದೇ ತಕರಾರು ಇರುವುದಿಲ್ಲ.’ ಯಾವ ಕಾನೂನೂ ಕೇಳದ ಕಾಗದ ಅದು. ಯಾರೂ ಕೇಳದ ಕಾಗದವನ್ನು ನಾವಾಗಿಯೇ ತೋರಿಸಿದರೆ ಏನಾಗಬೇಕೋ ಅದೇ ಆಯಿತು. “ಇಷ್ಟೆಲ್ಲಾ ಯಾಕ ಮಾಡಿಸೀರಿ?” ಅಂದರು. ಡೌಟು ಡಬಲ್ ಆಯಿತು.

“ವಿಡಿಯೋ ಕಾಲ್ ಹಚ್ರಿ.”

ಹಚ್ಚಿದೆ. ಎತ್ತಿದ್ದು ನಾದಿನಿ, ಕೈಯಲ್ಲಿ ಲಟ್ಟಣಿಗೆ. ಖಾಕಿ ಕಂಡದ್ದೇ “ಅಯ್ಯ ಅಕ್ಕಾ, ಭಾವ ಏನ್ ಮಾಡ್ಯಾರ?” ಎಂದು ಚೀರಿದಳು. ಷಡ್ಡಕ ಡ್ಯೂಟಿಗೆ ಹೋಗಿದ್ದನಂತೆ. ಗೋಡೆಯ ಮೇಲಿದ್ದ ಮದುವೆ ಫೋಟೋದ ಹತ್ತಿರ ಫೋನು ಒಯ್ದು ಬಾಸಿಂಗ ಕಟ್ಟಿದ ವರನನ್ನು ತೋರಿಸಿದಳು. ಖಾಕಿಯವರು ಬಾಸಿಂಗವನ್ನೊಮ್ಮೆ, ಆರ್‌ಸಿಯನ್ನೊಮ್ಮೆ ನೋಡಿ ತಲೆಯಾಡಿಸಿದರು. ಆರ್‌ಸಿಯಲ್ಲಿ ಮಾಲೀಕನ ಫೋಟೋವೇ ಇರುವುದಿಲ್ಲ. ಯಾರನ್ನು ತೋರಿಸಿದ್ದರೂ ಅವನೇ ಷಡ್ಡಕ.

“ಆತು. ಗಾಡಿ ಬೀದರಿಗೆ ಬಂದು ಎಷ್ಟು ದಿನ ಆತು? ಹನ್ನೆರಡು ತಿಂಗಳು ದಾಟಿದ್ರ ನಂಬರ್ ಬದಲಿ ಮಾಡ್ಸಬೇಕು, ಗೊತ್ತದನ?”

ಇದು ಮಾತ್ರ ಖರೆ. 47ನೇ ಕಲಮು ಹಾಗೇ ಅನ್ನುತ್ತದೆ. ಅದಕ್ಕೆ ಹಳೆ ಊರಿನ ಆರ್‌ಟಿಓದಿಂದ ಎನ್‌ಓಸಿ, ಹೊಸ ಊರಿನಲ್ಲಿ ಮತ್ತೆ ಆಜೀವ ತೆರಿಗೆ, ಹಳೆ ರಾಜ್ಯದಿಂದ ಉಳಿದ ತೆರಿಗೆ ವಾಪಸ್ ಕೊಡಿ ಎಂದು ಅರ್ಜಿ. ಎಲ್ಲಕ್ಕೂ ಮಾಲೀಕನ ಸಹಿ. 2014ರಲ್ಲಿ ನಮ್ಮ ಸರ್ಕಾರ ಹನ್ನೆರಡು ತಿಂಗಳು ಬಹಳಾಯಿತು ಎಂದು, ಹೊರರಾಜ್ಯದ ಗಾಡಿ 30 ದಿನ ದಾಟಿದರೆ ಆಜೀವ ತೆರಿಗೆ ಕಟ್ಟಬೇಕೆಂದು ತಿದ್ದುಪಡಿ ತಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ಹೊಡೆದು ಹಾಕಿತು. ಒಂದು ತಿಂಗಳಿಗೇ ಆಜೀವ! ಅಷ್ಟು ಲಗೂ ಆಯುಷ್ಯ ತೀರುವುದು ಸೊಳ್ಳೆಗೆ.

ಅಷ್ಟರಲ್ಲಿ ಅವ್ವ ಗಾಜು ಇಳಿಸಿದಳು. “ನಂದೂ ಕೇಳಪಾ. ನಾ ಹುಟ್ಟಿದ್ದು ಉದಗೀರದಾಗ. ಆಗ ಅದು ಬೀದರ ಜಿಲ್ಲಾನೇ ಇತ್ತು. ಈ ಜಹೀರಾಬಾದೂ ಬೀದರ ಜಿಲ್ಲಾನೇ. ಮುಂದ ಉದಗೀರ ಆ ಕಡೆ ಹೋತು, ಇದು ಈ ಕಡೆ ಹೋತು. ಲಗ್ನ ಆಗಿ ಬೀದರಿಗೆ ಬಂದು ಐವತ್ತು ವರ್ಷ ಮ್ಯಾಲಾತು, ನನ್ನ ನಂಬರ್ ಯಾರೂ ಬದಲಿ ಮಾಡ್ಸಿಲ್ಲ. ನಂದೂ ಎನ್‌ಓಸಿ ಬೇಕೇನು?”

ಅವ್ವನ ಇತಿಹಾಸ ಸರಿ ಇದೆ. 1956ರ ನವೆಂಬರ್ 1ರವರೆಗೆ ಎಲ್ಲ ಒಂದೇ ಜಿಲ್ಲೆ, ಹೈದರಾಬಾದ್ ರಾಜ್ಯದ್ದು. ನಂಬರ್ ಪ್ಲೇಟಿಗೂ ಅಂಥ ಹಣೆಬರಹವೇ: ಪಕ್ಕದವರ ಗಾಡಿಗಳು 2014ರ ತನಕ ಎಪಿ, ಆಮೇಲೆ ಟಿಎಸ್, 2024ರಿಂದ ಟಿಜಿ. ಜಹೀರಾಬಾದ್ ಮಾತ್ರ ಇದ್ದಲ್ಲೇ ಇದೆ.

ಖಾಕಿಯವರು ಡಬ್ಬಿಯ ಕಡೆ ನೋಡಿದರು. ಅವ್ವ ಎರಡು ಹೋಳಿಗೆ ಕೊಟ್ಟಳು. ಇದು ಲಂಚ ಅಲ್ಲ, ಖಾಸ ಷಡ್ಡಕನ ಅತ್ತಿಗೆ ಕೈಯಾರೆ ಮಾಡಿದ ಹೋಳಿಗೆ.

ಅವರು ಕೇಳಿದ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹನ್ನೆರಡು ತಿಂಗಳು ಗಾಡಿಯನ್ನು ಈ ರಾಜ್ಯದಲ್ಲಿ ಇಟ್ಟರೆ ತಾನೇ ನಂಬರು ಬದಲಿಸುವುದು? ನಡುವೆ ಗಡಿ ದಾಟಿ ಬಂದರೆ ಎಣಿಕೆ ಮೊದಲಿನಿಂದ ಶುರುವಾಗಬೇಕಲ್ಲ! ಪರಿಚಯದ ವಕೀಲರು ಈ ವಾದ ಕೇಳಿ ಬಹಳ ಹೊತ್ತು ನಕ್ಕರು, ಆಗುವುದಿಲ್ಲ ಎಂದು ಮಾತ್ರ ಅನ್ನಲಿಲ್ಲ. ಅದಕ್ಕೇ ಈಗ ಪ್ರತಿ ಭಾನುವಾರ ಜಹೀರಾಬಾದಿಗೆ ಹೋಗಿ ಒಂದು ಚಹಾ ಕುಡಿದು, ಚೀಟಿ ಬರೆಸಿಕೊಂಡು ಬರುತ್ತೇನೆ. ನಾಲ್ಕು ಚೀಟಿ ಆಗಿವೆ. ಈ ವಾರ ಹೆಂಡತಿ ಎರಡು ಕಿಲೋ ಹಸಿಶುಂಠಿ ತರಲು ಹೇಳಿದ್ದಾಳೆ. ಬಿಲ್ಲು ಗಾಡಿಯ ಹೆಸರಿಗೇ ಮಾಡಿಸಬೇಕು.