ಕೊಡುವುದು ಸೂರೇ, ಮನೆಯಲ್ಲ

ನಗರದ ವಸತಿ ಯೋಜನೆಗೆ ನಾನೂ ಅರ್ಜಿ ಹಿಡಿದು ಹೋಗಿದ್ದೆ. ದೇಶದ ಯಾವ ಮೂಲೆಯಲ್ಲೂ ನನ್ನ ಕುಟುಂಬಕ್ಕೆ ಪಕ್ಕಾ ಮನೆಯಿಲ್ಲ ಎಂದು ಬರೆದುಕೊಡಬೇಕು. ಕೊಟ್ಟೆ. ಕಿಟಕಿಯ ಆಚೆಗಿದ್ದವರು ಓದಿ, ತಲೆಯೆತ್ತದೆ ಕೇಳಿದರು: ‘ಮನೆ ನಂಬರ್ ಬರೆದಿಲ್ಲವಲ್ಲ?’

2015ರಲ್ಲಿ ‘2022ರೊಳಗೆ ಎಲ್ಲರಿಗೂ ಸೂರು’ ಎಂದಾಗ ನಾವು ಅದನ್ನು ಮನೆ ಎಂದುಕೊಂಡೆವು. ತಪ್ಪು ನಮ್ಮದೇ. ಸೂರೆಂದರೆ ಮಾಡಿನ ಅಂಚು, ಮಳೆನೀರು ಧಾರೆಯಾಗಿ ಇಳಿಯುವ ಜಾಗ. ಸರ್ಕಾರ ಸುಳ್ಳು ಹೇಳಿಲ್ಲ. ಕಾರವಾರದ ಆಷಾಢದಲ್ಲಿ ಮಳೆ ಮೇಲಿನಿಂದ ಸುರಿಯುವುದಿಲ್ಲ, ಕಡಲಿನ ಕಡೆಯಿಂದ ಅಡ್ಡ ಬಡಿಯುತ್ತದೆ. ಸೂರಿನಡಿ ನಿಂತವನು ಒಳಉಡುಪಿನವರೆಗೂ ಫಲಾನುಭವಿ. ಅಜ್ಜಿಯ ಕಾಲದಲ್ಲಿ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಮೇ ತಿಂಗಳಲ್ಲಿ ಕೇರಿಯವರೆಲ್ಲ ಕೂತು ಮಡಲು ನೇಯುವುದು, ಅವಲಕ್ಕಿ, ಚಹಾ, ಊರಿನ ಅಷ್ಟೂ ಚಾಡಿ. ಈಗಿನ ಬಡಾವಣೆಗೂ ಒಂದು ಅಭಿವೃದ್ಧಿ ಸಂಘವಿದೆ. ಉದ್ಯಾನಕ್ಕೆ ಮೀಸಲಿಟ್ಟ ಜಾಗದ ಗೇಟಿಗೆ ಬೀಗ ಹಾಕಿಸಿದ್ದು ಅದರ ಈವರೆಗಿನ ಸಾಧನೆ. ಒಳಗೆ ಲಂಟಾನ ಚೆನ್ನಾಗಿ ಅಭಿವೃದ್ಧಿಯಾಗಿದೆ.

ಹೆಸರಿಗೇನೂ ಬರವಿಲ್ಲ. 1991-92ರಲ್ಲಿ ಆಶ್ರಯ, ಆಮೇಲೆ ವಾಜಪೇಯಿ ನಗರ ವಸತಿ, ಪ್ರಧಾನಮಂತ್ರಿ ಆವಾಸ್, 2024ರಲ್ಲಿ ಅದರದೇ ಎರಡನೆಯ ಆವೃತ್ತಿ: ಐದು ವರ್ಷ, ಒಂದು ಕೋಟಿ ಮನೆ. ಗೃಹಪ್ರವೇಶವಾಗದ ಮನೆಗೆ ಇಷ್ಟೊಂದು ನಾಮಕರಣವೇ?

ಕಟ್ಟುವುದಕ್ಕೆ ಜಾಗ ಎಲ್ಲಿದೆ ಎನ್ನುತ್ತಾರೆ ಕಚೇರಿಯವರು. ನಿಜ. ಒಂದು ಕಡೆ ಗುಡ್ಡ, ಒಂದು ಕಡೆ ಕಡಲು, ಉಳಿದದ್ದು ನೌಕಾಪಡೆಯದು. 1986ರಲ್ಲಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಬಿತ್ತು. ದೇಶದ ರಕ್ಷಣೆಗೆ ಎಂದರು. ಕಾರವಾರ, ಅಂಕೋಲಾ ತಾಲ್ಲೂಕುಗಳ ಹಳ್ಳಿಯವರು ಮನೆ, ಗದ್ದೆ, ತೆಂಗು ಬಿಟ್ಟು ಎದ್ದರು. 2005ರಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು, ಹಡಗುಗಳಿಗೆ ನಿಲ್ಲಲು ಜಾಗ ಸಿಕ್ಕಿತು. ಜಾಗ ಕೊಟ್ಟವರು ಪರಿಹಾರದ ಮೊತ್ತಕ್ಕಾಗಿ ದಶಕಗಳ ಕಾಲ ಕೋರ್ಟಿನ ಮೆಟ್ಟಿಲು ಹತ್ತಿಳಿದರು. ಕೆಲವರು ಹತ್ತುತ್ತಲೇ ತೀರಿಹೋದರು. ಇದರಲ್ಲಿ ನಗುವುದಕ್ಕೇನೂ ಇಲ್ಲ. ಹುಡುಕಿ ನೋಡಿದೆ.

ಅಂದಹಾಗೆ, ಅರ್ಜಿಯಲ್ಲಿ ಬಾಡಿಗೆ ಮನೆಯ ನಂಬರ್ ಬರೆದೆ. ಹಾಗಾದರೆ ಮಾಲೀಕರ ಒಪ್ಪಿಗೆ ಪತ್ರ ತನ್ನಿ ಎಂದರು. ಮಾಲೀಕರು ಮಡಗಾಂವಿನಲ್ಲಿದ್ದಾರೆ. ಮನೆ ಸೋರುತ್ತಿದೆ ಎಂದು ಜೂನ್‌ನಲ್ಲಿ ಫೋನ್ ಮಾಡಿದಾಗಿನಿಂದ ನನ್ನ ಕರೆ ಎತ್ತುವುದನ್ನು ನಿಲ್ಲಿಸಿದ್ದಾರೆ.