ಮುಚ್ಚಿದ ಕಡಲತೀರವನ್ನು ನಮಗೆ ಮಾರಿದರು

ಥಾಯ್ಲೆಂಡ್ ಪ್ರವಾಸಕ್ಕೆಂದು ಟ್ರಾವೆಲ್ಸ್‌ನವನು ಕೊಟ್ಟ ಬಣ್ಣದ ಹಾಳೆಯೊಂದು ನಮ್ಮ ಮನೆಯ ಶೋಕೇಸಿನಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡಿದೆ. ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆದರೂ ಹರಿದು ಹಾಕಿಲ್ಲ, ನನಗಿರುವ ಸಾಕ್ಷಿ ಅದೊಂದೇ. ಅದರಲ್ಲಿ ಹೀಗೆ ಅಚ್ಚಾಗಿದೆ: ‘ನಾಲ್ಕನೇ ದಿನ: ಆರಾಮದಾಯಕ ದೋಣಿಯಲ್ಲಿ ದಿನವಿಡೀ ದ್ವೀಪಗಳ ಸುತ್ತಾಟ. ಮಾಯಾ ಬೇ, ಪಿಲೇ ಲಗೂನ್, ಸ್ನಾರ್ಕ್ಲಿಂಗ್, ಸಸ್ಯಾಹಾರಿ ಊಟ. ಹಿರಿಯರಿಗೂ ಮಕ್ಕಳಿಗೂ ಸೂಕ್ತ. ಎಲ್ಲ ಖರ್ಚು ಸೇರಿ.’ ಮಾಯಾ ಬೇ, ಪಿಲೇ ಲಗೂನ್ ಎಂದರೆ ಅಲ್ಲಿನ ದ್ವೀಪದ ಎರಡು ಕೊಲ್ಲಿಗಳು. ಸ್ನಾರ್ಕ್ಲಿಂಗ್ ಎಂದರೆ ಮಾಸ್ಕ್ ಹಾಕಿಕೊಂಡು, ನೀರಿಗೆ ಮುಖವಿಟ್ಟು ಮೀನು, ಹವಳ ನೋಡುವುದು.

ಆರಾಮ ಎಂಬ ಮಾತನ್ನು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಹಗುರವಾಗಿ ಆಡುವುದಿಲ್ಲ. ಎದುರಿಗೆ ಬಂದವರನ್ನು ಮೊದಲು ಕೇಳುವುದೇ ಆರಾಮ ಇದ್ದೀರಾ ಎಂದು. ಜ್ವರ ಬಂದರೆ ಆರಾಮ ಇಲ್ಲ, ಜ್ವರ ಬಿಟ್ಟರೆ ಆರಾಮ ಆಯಿತು. ಅವ್ವ ಆ ಹಾಳೆಯನ್ನು ಕನ್ನಡಕ ಏರಿಸಿ ಎರಡು ಸಲ ಓದಿ, ಆ ಒಂದು ಮಾತನ್ನು ನಂಬಿ, ಹೊರಡಲು ಒಪ್ಪಿದಳು. ಆ ಮಾತನ್ನು ಹಾಳೆಯ ಮೇಲೆ ಅಚ್ಚು ಹಾಕಿಸಿದವನ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದರೆ, ಬರೆಯುವಾಗ ಈಗಲೂ ಕೈ ನಡುಗುತ್ತಿದೆ.

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿ ದುಡಿದವರು. ಅಲ್ಲಿಂದ ತಂದುಕೊಂಡ ಬೆನ್ನುನೋವು ನಿವೃತ್ತಿಯ ನಂತರವೂ ಬಿಟ್ಟಿಲ್ಲ, ಸೊಂಟಕ್ಕೆ ಬೆಲ್ಟ್ ಕಟ್ಟಿಯೇ ಓಡಾಡುತ್ತಾರೆ. ಕಡಲು ಎಂದರೆ ಅವರಿಗೆ ಗೋಕರ್ಣ ಮತ್ತು ಕಾರವಾರ, ಅಷ್ಟೇ. ಆದರೆ ಟಿವಿಯಲ್ಲಿ ಹವಳದ ನಡುವೆ ಮೀನುಗಳು ಈಜುವುದನ್ನು ತೋರಿಸಿದರೆ ಊಟದ ತಾಟನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತು ನೋಡುತ್ತಿದ್ದರು. ಅದನ್ನು ಅವರಿಗೆ ಒಮ್ಮೆ ಕಣ್ಣಾರೆ ತೋರಿಸಬೇಕು ಎಂದು ನಾನು ತಿಂಗಳಿಗೆ ಐದು ಸಾವಿರದಂತೆ ನಾಲ್ಕು ವರ್ಷ ಆರ್.ಡಿ. ಕಟ್ಟಿದೆ. ನಾನು ಪ್ರೌಢಶಾಲೆಯ ಶಿಕ್ಷಕಿ. ಒಟ್ಟಿಗೆ ನಾಲ್ಕಾರು ದಿನ ಹೊರಗೆ ಹೋಗಬೇಕೆಂದರೆ ದಸರಾ ರಜೆ, ಇಲ್ಲವೇ ಬೇಸಿಗೆ ರಜೆ. ದಸರಾ ಎಂದು ನಿರ್ಧರಿಸಿ, ಸೆಪ್ಟೆಂಬರ್ ಕೊನೆಯ ವಾರಕ್ಕೆ ಥಾಯ್ಲೆಂಡಿನ ಫುಕೆಟ್ ಪ್ಯಾಕೇಜ್ ತೆಗೆದುಕೊಂಡೆವು. ಐದು ಜನ, ತಲೆಗೆ ಐವತ್ತೈದು ಸಾವಿರ.

ಹಣ ಕೊಡುವ ದಿನ ಆ ಟ್ರಾವೆಲ್ಸ್ ಕಚೇರಿಯಲ್ಲಿ ಕುಳಿತು ನಾನು ಮೂರು ವಿಷಯಗಳನ್ನು ಬಿಡಿಸಿ ಹೇಳಿದೆ. ಅಪ್ಪನಿಗೆ ಬೆನ್ನುನೋವಿದೆ, ಕುಲುಕಾಟ ಆಗದು. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಗಂಟೆಗೊಮ್ಮೆಯಾದರೂ ಶೌಚಾಲಯ ಬೇಕು. ಅವರಿಬ್ಬರೂ ಮೀನು, ಮಾಂಸ ಮುಟ್ಟುವುದಿಲ್ಲ. ಆತ ಎಲ್ಲವನ್ನೂ ಪ್ಯಾಡಿನಲ್ಲಿ ಬರೆದುಕೊಂಡ. “ಅಕ್ಕಾ, ನಿಮ್ಮ ತಂದೆ ಎಂದರೆ ನನ್ನ ತಂದೆ ಇದ್ದ ಹಾಗೆ. ಎರಡು ಅಂತಸ್ತಿನ ದೊಡ್ಡ ದೋಣಿ, ನೆರಳಿದೆ, ಶೌಚಾಲಯವಿದೆ. ನಮ್ಮ ಉಣಕಲ್ ಕೆರೆಯಲ್ಲಿ ಕುಳಿತಂತೆ ಇರುತ್ತದೆ,” ಎಂದ. ಉಣಕಲ್ ಕೆರೆಯನ್ನು ಅವನೇ ಎತ್ತಿದ್ದು, ನಾನಲ್ಲ. ಸಮುದ್ರವಿಲ್ಲದ ಊರಿನವರಿಗೆ ಏನು ಹೇಳಿದರೆ ನಂಬುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಮೂರು ದಿನ ಹೇಗೋ ಕಳೆದವು, ಅದರ ಬಗ್ಗೆ ನನ್ನ ತಕರಾರಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ದೋಣಿಕಟ್ಟೆಗೆ ಹೋದರೆ ನಮಗಾಗಿ ನಿಂತಿದ್ದದ್ದು ಮೂರು ಎಂಜಿನ್ನಿನ ಸ್ಪೀಡ್‌ಬೋಟ್. ನಲವತ್ತರ ಹತ್ತಿರ ಜನ, ತೊಡೆಗೆ ತೊಡೆ ತಾಗುವಂತೆ ಉದ್ದ ಬೆಂಚುಗಳು, ಶೌಚಾಲಯ ಇಲ್ಲ. ಹತ್ತುವ ಮೊದಲೇ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಎಂದು ವಿದೇಶಿ ವಯಸ್ಕರಿಗೆ ತಲಾ 400 ಬಾತ್, ಮಕ್ಕಳಿಗೆ 200 ಬಾತ್ ಕೇಳಿದರು. ನಮ್ಮ ಲೆಕ್ಕದಲ್ಲಿ ದೊಡ್ಡವರೊಬ್ಬರಿಗೆ ಸಾವಿರ ರೂಪಾಯಿಗೂ ಮೇಲೆ. ಶುಲ್ಕ ನ್ಯಾಯದ್ದೇ, ಕೊಡಲೇಬೇಕು. ಆದರೆ ‘ಎಲ್ಲ ಖರ್ಚು ಸೇರಿ’ ಎಂದು ಅಚ್ಚು ಹಾಕಿದವನು ಅದನ್ನು ಮೊದಲೇ ಹೇಳಬೇಕಿತ್ತು. ಅವನು ಕೊಟ್ಟಿದ್ದ ಸಾಮಾನಿನ ಪಟ್ಟಿಯಲ್ಲಿ ಸನ್‌ಸ್ಕ್ರೀನ್ ತನ್ನಿ ಎಂದಿತ್ತು, ತಂದಿದ್ದೆವು. ಅಲ್ಲಿನ ಗೈಡ್ ಅದರ ಹಿಂಬದಿ ಓದಿ, ಹಚ್ಚಿಕೊಳ್ಳಬೇಡಿ ಎಂದ. ಹವಳಕ್ಕೆ ಕೇಡು ಮಾಡುವ ನಾಲ್ಕು ರಾಸಾಯನಿಕಗಳಿರುವ ಸನ್‌ಸ್ಕ್ರೀನುಗಳನ್ನು ಥಾಯ್ಲೆಂಡ್ ತನ್ನ ಕಡಲ ಉದ್ಯಾನಗಳಲ್ಲಿ 2021ರ ಆಗಸ್ಟ್‌ನಿಂದ ನಿಷೇಧಿಸಿದೆ, ದಂಡ ಒಂದು ಲಕ್ಷ ಬಾತ್‌ವರೆಗೆ ಇದೆ. ಗೈಡ್ ನೋಡದೇ ಹೋಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು?

ಬೆನ್ನುನೋವು ಇದ್ದವರು ಹಿಂದೆ ಕುಳಿತುಕೊಳ್ಳಿ ಎಂದು ಗೈಡ್ ಕೂಗಿ ಹೇಳಿದ. ಸ್ಪೀಡ್‌ಬೋಟಿನ ಮೂತಿಯ ಕಡೆ ಏಟು ಜಾಸ್ತಿ, ಹಿಂದೆ ಕಡಿಮೆ. ನಮಗೆ ಅದು ಅರ್ಥವಾಗುವ ಹೊತ್ತಿಗೆ ಹಿಂದಿನ ಜಾಗವೆಲ್ಲ ತುಂಬಿತ್ತು. ಅಪ್ಪ ಮಧ್ಯದಲ್ಲಿ, ಒಂದು ಕಬ್ಬಿಣದ ಕಂಬಿಯ ಪಕ್ಕ ಕುಳಿತರು.

ಆ ಮುಂದಿನ ಒಂದು ಗಂಟೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಸೆಪ್ಟೆಂಬರ್ ಎಂದರೆ ಫುಕೆಟ್‌ನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಒಂದು. ನಮ್ಮ ಕರಾವಳಿಗೆ ಮಳೆ ತರುವ ಆ ನೈರುತ್ಯ ಮಾರುತವೇ ಅಲ್ಲಿಯೂ ಬೀಸಿ ಕಡಲನ್ನು ಎಬ್ಬಿಸುತ್ತದೆ. ಮಳೆಗಾಲದಲ್ಲಿ ಮುರುಡೇಶ್ವರದಿಂದ ನೇತ್ರಾಣಿಗೆ ಪ್ರವಾಸಿಗರ ದೋಣಿ ಬಿಡುವುದಿಲ್ಲ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಅದೇ ಗಾಳಿ, ಅದೇ ಕಾಲ ಎಂದು ನನಗೇಕೆ ಹೊಳೆಯಲಿಲ್ಲ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಆದರೆ ಹೊಳೆಯಬೇಕಾದದ್ದು ನನಗಲ್ಲ, ಅದನ್ನೇ ಮಾರಿ ಹೊಟ್ಟೆ ಹೊರೆಯುವವನಿಗೆ. ದೋಣಿ ಅಲೆಯ ಮೇಲೆ ಏರಿ ಧಡ್ ಎಂದು ಬೀಳುತ್ತಿತ್ತು, ಮತ್ತೆ ಏರುತ್ತಿತ್ತು, ಮತ್ತೆ ಬೀಳುತ್ತಿತ್ತು. ಒಂದೊಂದು ಏಟಿಗೂ ಅಪ್ಪ ಆ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಮೈಯನ್ನು ಬೆಂಚಿನಿಂದ ಒಂದು ಗೇಣು ಮೇಲೆ ಎತ್ತಿ ಹಿಡಿಯುತ್ತಿದ್ದರು, ಏಟು ಬೆನ್ನಿಗೆ ತಾಗದಿರಲಿ ಎಂದು. ಬೆರಳ ಗಂಟುಗಳು ಬಿಳಿಚಿಕೊಂಡಿದ್ದವು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದಾಗ ಕಂಬಿಯ ಬುಡದ ಬೋಲ್ಟ್ ಕಡೆ ಗಲ್ಲ ಮಾಡಿ, “ಇದು ಸಡಿಲ ಇದೆ,” ಎಂದರು. ನೋವಿನ ಮಾತನ್ನೇ ಎತ್ತಲಿಲ್ಲ.

ಅವ್ವ ಅರಬೈಲು ಘಟ್ಟ ಇಳಿಯುವಾಗಲೇ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚುವವಳು. ವಾಂತಿಯ ಮಾತ್ರೆಯನ್ನು ಹೊರಡುವ ಅರ್ಧ ಗಂಟೆಗಾದರೂ ಮೊದಲು ನುಂಗಬೇಕು. ದೋಣಿಯವರು ಅದನ್ನು ಹಂಚಿದ್ದು ದೋಣಿ ಹೊರಟ ಮೇಲೆ. ಮೂರು ಸಲ ವಾಂತಿ ಮಾಡಿಕೊಂಡಳು. ಅದರ ಮೇಲೆ ಶೌಚಾಲಯದ ಸಂಕಟ. ಮೊದಲ ನಿಲುಗಡೆ ಬಂದಾಗ ಗೈಡ್ ಸಹಜವಾಗಿ, ನೀರಿಗೆ ಇಳಿದು ಮುಗಿಸಿ, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದ. ಅರವತ್ತಮೂರು ವರ್ಷದ ಹೆಂಗಸು, ಈಜು ಬಾರದವಳು, ಸೀರೆ ಉಟ್ಟವಳು. ಅವಳು ನನ್ನ ಕೈ ಹಿಡಿದುಕೊಂಡು ತಲೆ ಅಲ್ಲಾಡಿಸಿದಳು. ಎರಡು ಗಂಟೆಗಿಂತ ಹೆಚ್ಚು ಹೊತ್ತು ತಡೆದುಕೊಂಡು ಕುಳಿತಳು. ಇದನ್ನು ನಾಲ್ಕು ಜನರ ಮುಂದೆ ಬರೆಯುವುದಕ್ಕೆ ನನಗೆ ಸಂಕೋಚವಿಲ್ಲ. ನಾಚಬೇಕಾದದ್ದು ಅವ್ವನೂ ಅಲ್ಲ, ನಾನೂ ಅಲ್ಲ.

ಇನ್ನು ಮಾಯಾ ಬೇ. ಹಾಳೆಯ ಅರ್ಧ ಭಾಗವನ್ನು ತುಂಬಿರುವ ಚಿತ್ರ ಅದರದ್ದೇ. ನನ್ನ ಮಗ ಆ ಚಿತ್ರವನ್ನು ತನ್ನ ತರಗತಿಯವರಿಗೆಲ್ಲ ತೋರಿಸಿ ಬಂದಿದ್ದ. ದೋಣಿ ಕೊಲ್ಲಿಯ ಬಾಯಿಯಿಂದ ದೂರದಲ್ಲೇ ನಿಂತಿತು. ಯಾವಾಗ ಇಳಿಯುವುದು ಎಂದು ಮಗ ಕೇಳಿದ. ಗೈಡ್ ನಮ್ಮನ್ನೇ ಅಚ್ಚರಿಯಿಂದ ನೋಡಿ, ಮುಚ್ಚಿದೆಯಲ್ಲ, ಪ್ರತಿ ವರ್ಷ ಆಗಸ್ಟ್ 1ರಿಂದ ಸೆಪ್ಟೆಂಬರ್ 30ರವರೆಗೆ ಮುಚ್ಚಿರುತ್ತದೆ, ನಿಮಗೆ ಯಾರೂ ಹೇಳಲಿಲ್ಲವೇ ಎಂದ.

ಮುಚ್ಚಿದ್ದಕ್ಕೆ ನನಗೆ ಸಿಟ್ಟಿಲ್ಲ. ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ದಿನಕ್ಕೆ ಐದು ಸಾವಿರದವರೆಗೆ ಜನ ಬಂದು, ದೋಣಿಗಳ ಲಂಗರು ಬಿದ್ದು, ಅಲ್ಲಿನ ಹವಳ ಹಾಳಾಗಿತ್ತು. 2018ರ ಜೂನ್‌ನಲ್ಲಿ ಸರ್ಕಾರ ತೀರವನ್ನೇ ಮುಚ್ಚಿತು. ಹೊಸದಾಗಿ ಹವಳ ನೆಟ್ಟರು, ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ತಿರುಗಿ ಬಂದವು. 2022ರ ಜನವರಿಯಲ್ಲಿ ಮತ್ತೆ ತೆರೆದರೂ ಕೊಲ್ಲಿಯೊಳಗೆ ದೋಣಿ ತರುವಂತಿಲ್ಲ, ಹಿಂಬದಿಯ ಕಟ್ಟೆಯಲ್ಲಿ ಇಳಿದು ನಡೆದು ಬರಬೇಕು, ಈಜುವಂತಿಲ್ಲ. ವರ್ಷಕ್ಕೆ ಎರಡು ತಿಂಗಳು ಕಡಲಿಗೂ ವಿಶ್ರಾಂತಿ. ಒಳ್ಳೆಯ ಕೆಲಸ, ನಮ್ಮ ಸರ್ಕಾರವೂ ಕೆಲವು ಕಡೆ ಹೀಗೆ ಮಾಡಿದರೆ ಒಳ್ಳೆಯದು. ಆದರೆ ಹೇಳಿ, ವರ್ಷವರ್ಷವೂ ತಪ್ಪದೆ ಬರುವ ಈ ದಿನಾಂಕ ಥಾಯ್ಲೆಂಡ್ ಪ್ಯಾಕೇಜ್ ಮಾರುವವನಿಗೆ ಗೊತ್ತಿರುವುದಿಲ್ಲವೇ? ನಮ್ಮ ಟಿಕೆಟ್ಟಿನ ಮೇಲೆ ದಿನಾಂಕ ಹಾಕಿದ್ದು ಅವನೇ. ಗೊತ್ತಿದ್ದೂ ಮಾರಿದ್ದರೆ ಅದು ಮೋಸ. ಗೊತ್ತಿಲ್ಲದೆ ಮಾರಿದ್ದರೆ ಅವನು ಆ ಕುರ್ಚಿಯಲ್ಲಿ ಕುಳಿತುಕೊಳ್ಳಬಾರದು.

ಮಾಯಾ ಬೇ ಬದಲಿಗೆ ವೈಕಿಂಗ್ ಗುಹೆಯ ಬಾಯಿಯನ್ನು ದೂರದಿಂದ ತೋರಿಸಿದರು. ಹಕ್ಕಿಗಳು ಜೊಲ್ಲಿನಿಂದ ಕಟ್ಟಿದ ಗೂಡುಗಳನ್ನು ಅಲ್ಲಿ ಬಿದಿರು ಏರಿ ಕೀಳುತ್ತಾರಂತೆ, ಅದರಿಂದ ಸಾರು ಮಾಡುತ್ತಾರಂತೆ. ಐದು ನಿಮಿಷ, ಮುಂದೆ ಹೊರಟೆವು.

ಪಿಲೇ ಲಗೂನ್ ಮಾತ್ರ ಸುಳ್ಳಾಗಿರಲಿಲ್ಲ. ಎರಡೂ ಕಡೆ ಸುಣ್ಣದಕಲ್ಲಿನ ಗೋಡೆಗಳು ನೆಟ್ಟಗೆ ಎದ್ದು ನಿಂತಿವೆ, ನಡುವೆ ಕಡಲಿನ ನೀರು ಕೆರೆಯ ಹಾಗೆ ಸುಮ್ಮನೆ ನಿಂತಿದೆ. ಮೈಲುತುತ್ತ ಕರಗಿಸಿದ ನೀರಿನ ಬಣ್ಣ ಎಂದರು ಅಪ್ಪ. ಆ ದಿನದಲ್ಲಿ ದೋಣಿ ಕುಲುಕದೆ ನಿಂತದ್ದು ಅಲ್ಲೊಂದೇ ಕಡೆ. ಅವ್ವನ ಮುಖಕ್ಕೂ ಅಲ್ಲಿ ಸ್ವಲ್ಪ ಕಳೆ ಬಂತು. ಅಲ್ಲಿ ನಮ್ಮನ್ನು ನಿಲ್ಲಿಸಿದ್ದು ಇಪ್ಪತ್ತು ನಿಮಿಷ.

ಸ್ನಾರ್ಕ್ಲಿಂಗ್ ಆದದ್ದು ಅದರ ನಂತರ, ಇನ್ನೊಂದು ಕಡೆ. ನನ್ನ ಸಿಟ್ಟೆಲ್ಲ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ. ಬೆನ್ನು ಅಷ್ಟು ನೋಯುತ್ತಿದ್ದರೂ ಅಪ್ಪ ನೀರಿಗೆ ಇಳಿಯುತ್ತೇನೆ ಎಂದರು. ಜೀವರಕ್ಷಕ ಜಾಕೆಟ್ ತಂದುಕೊಟ್ಟರು. ಅದರ ಮಧ್ಯದ ಬಕಲ್ ಮುರಿದಿತ್ತು, ಹಗ್ಗದಿಂದ ಗಂಟು ಹಾಕಿದ್ದರು. ಬೇರೆ ಕೊಡಿ ಎಂದು ನಮ್ಮ ಮನೆಯವರು ಜಗಳ ಮಾಡಿ ಬದಲಾಯಿಸಿಕೊಂಡರು. ಅಪ್ಪ ಕನ್ನಡಕ ತೆಗೆದು ನನ್ನ ಕೈಗಿಟ್ಟರು. ಮಾಸ್ಕ್ ಹಾಕಿಕೊಂಡರು. ಏಣಿ ಹಿಡಿದುಕೊಂಡೇ ನೀರಿಗೆ ಮುಖ ಇಟ್ಟರು. ಒಂದು ನಿಮಿಷ, ಎರಡು ನಿಮಿಷ. ಪಕ್ಕದಲ್ಲಿ ಮಗ, “ಅಜ್ಜಾ, ಹಳದಿ ಪಟ್ಟೆ ಮೀನು, ನಿನ್ನ ಕಾಲ ಹತ್ತಿರವೇ ಇದೆ!” ಎಂದು ಕೂಗುತ್ತಿದ್ದ. ಅಪ್ಪ ತಲೆ ಎತ್ತಿ, “ಹಸಿರು ಕಾಣಿಸಿತು,” ಎಂದರು. ಅಷ್ಟೇ. ಕನ್ನಡಕವಿಲ್ಲದೆ ಅವರಿಗೆ ಒಂದು ಮಾರು ದೂರದ ಮನುಷ್ಯರ ಮುಖವೂ ತಿಳಿಯುವುದಿಲ್ಲ. ಪವರ್ ಇರುವ ಮಾಸ್ಕ್ ಎಂಬುದೊಂದು ಸಿಗುತ್ತದೆ, ಮೊದಲೇ ಹೇಳಿದರೆ ಹೊಂದಿಸಿಕೊಳ್ಳಬಹುದು. ಆ ಕಚೇರಿಯಲ್ಲಿ ಅಪ್ಪ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಅವನ ಎದುರಿಗೇ ಕುಳಿತಿದ್ದರು. ನನಗೆ ಮೀನು ಕಾಣುತ್ತವೆಯೇ ಎಂದು ಅವರೇ ಬಾಯಿಬಿಟ್ಟು ಕೇಳಿದ್ದರು. “ಕೈ ಹಾಕಿದರೆ ಸಿಗುವಷ್ಟು ಹತ್ತಿರ ಕಾಣುತ್ತವೆ, ಅಪ್ಪಾಜಿ,” ಎಂದಿದ್ದ.

ಊಟದ ಬಗ್ಗೆ ಎರಡೇ ಮಾತು. ಸಸ್ಯಾಹಾರಿ ಎಂದು ಬಡಿಸಿದ ಅನ್ನಕ್ಕೆ ಮೀನಿನ ಸಾಸ್ ಹಾಕಿದ್ದರು. ಅವ್ವ ಅಪ್ಪ ಇಬ್ಬರೂ ಕಲ್ಲಂಗಡಿ ತಿಂದು ಎದ್ದರು. ಸಕ್ಕರೆ ಕಾಯಿಲೆಯವಳು ಹೊಟ್ಟೆ ತುಂಬಾ ಹಣ್ಣು ತಿನ್ನುವುದಕ್ಕೂ ಆಗದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆವು, ಆದರೆ ದೋಣಿಯಲ್ಲಿ ಭರ್ಜರಿ ಊಟವಿದೆ, ಹೊರೆ ಬೇಡ ಎಂದು ಅವನು ಹೇಳಿದ್ದನ್ನು ನಂಬಿ ಹೋಟೆಲ್ ಕೋಣೆಯಲ್ಲೇ ಬಿಟ್ಟು ಬಂದಿದ್ದೆವು.

ಊರಿಗೆ ಬಂದ ಮೇಲೆ ಅಪ್ಪ ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರ್ ಬೈದರು. ನಾನು ಆ ಕಚೇರಿಗೆ ಹೋದೆ. ಹಣ ಕೊಡುವಾಗ ಅಕ್ಕಾ ಎಂದವನು ಈಗ ಮೇಡಂ ಎಂದ. “ಮೇಡಂ, ಹವಾಮಾನ ನಮ್ಮ ಕೈಯಲ್ಲಿಲ್ಲ. ದೋಣಿ ಅಲ್ಲಿಯವರದ್ದು, ನಮ್ಮದಲ್ಲ.” ಮಾಯಾ ಬೇ ಮುಚ್ಚಿದ್ದೂ ಹವಾಮಾನದಿಂದಲೇನು ಎಂದು ಕೇಳಿದೆ. ಮೊಬೈಲ್ ಕಿವಿಗಿಟ್ಟುಕೊಂಡು ಹೊರಗೆ ಹೋದ. ಎರಡು ದಿನ ಬಿಟ್ಟು, ಮುಂದಿನ ಪ್ರವಾಸಕ್ಕೆ ಎರಡು ಸಾವಿರ ರಿಯಾಯಿತಿ ಕೊಡುತ್ತೇವೆ ಎಂದು ಸಂದೇಶ ಬಂತು. ಆ ಸಂದೇಶವನ್ನೂ ಉಳಿಸಿಕೊಂಡಿದ್ದೇನೆ.

ಹೋಗಲಿ ಬಿಡು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅಪ್ಪನೇ ಮೊದಲು ಹೇಳಿದ್ದು. ನಾನು ಬಿಡುವುದಿಲ್ಲ. 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ ದೂರು ದಾಖಲಿಸಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ ಇದೆ. ನಾವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವನ್ನೂ ಕಟ್ಟಬೇಕಿಲ್ಲ, ಎರಡು ವರ್ಷದ ಒಳಗೆ ದೂರು ಕೊಟ್ಟರೆ ಸಾಕು. ನನಗೆ ಆ ಒಂದು ದಿನದ ಹಣ ವಾಪಸ್ ಬೇಕು, ಅಪ್ಪನ ಚಿಕಿತ್ಸೆಯ ಖರ್ಚು ಬೇಕು. ಅದಕ್ಕಿಂತ ಹೆಚ್ಚಾಗಿ, ಆ ಹಾಳೆಯಿಂದ ‘ಆರಾಮದಾಯಕ’, ‘ಹಿರಿಯರಿಗೂ ಸೂಕ್ತ’ ಎಂಬ ಮಾತುಗಳನ್ನು ತೆಗೆಯಬೇಕು, ಮುಚ್ಚಿರುವ ತಿಂಗಳುಗಳನ್ನು ಚಿತ್ರದ ಕೆಳಗೇ ದಪ್ಪ ಅಕ್ಷರದಲ್ಲಿ ಹಾಕಬೇಕು.

ಮೊನ್ನೆ ನಮ್ಮ ಓಣಿಯಲ್ಲೇ, ಮೂರು ಮನೆ ಆಚೆ ಇರುವವರು ಪೇಡೆ ಕೊಡಲು ಬಂದಿದ್ದರು. ಮಾತಿನ ನಡುವೆ, ಆಗಸ್ಟ್ 15ರ ರಜೆಗೆ ಥಾಯ್ಲೆಂಡಿಗೆ ಹೋಗುತ್ತಿದ್ದೇವೆ, ಹತ್ತು ಸಾವಿರ ಮುಂಗಡ ಕೊಟ್ಟಾಯಿತು, ಅತ್ತೆಯವರೂ ಬರುತ್ತಾರೆ ಎಂದು ಸಂಭ್ರಮದಿಂದ ಹಾಳೆ ತೋರಿಸಿದರು. ಅದೇ ಕಚೇರಿ. ಅದೇ ಮಾಯಾ ಬೇ ಚಿತ್ರ. ಅವರನ್ನು ಕೂರಿಸಿಕೊಂಡು, ಚಹಾ ಮಾಡಿಕೊಟ್ಟು, ಅಪ್ಪನ ಬೆಲ್ಟ್‌ನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಾಳೆ ಬೆಳಿಗ್ಗೆ ಹತ್ತೂವರೆಗೆ ಆ ಮುಂಗಡ ವಾಪಸ್ ಕೇಳಲು ಅವರು ಹೋಗುತ್ತಿದ್ದಾರೆ. ನಾನೂ ಶಾಲೆಗೆ ಅರ್ಧ ದಿನದ ರಜೆ ಹಾಕಿ ಜೊತೆಗೆ ಹೋಗುತ್ತಿದ್ದೇನೆ.