ಕ್ಷುದ್ರಗ್ರಹಕ್ಕೇ ಹೋಗಬೇಕೇ, ಬಿದ್ದ ಉಲ್ಕಾಶಿಲೆ ಸಾಲದೇ?

ಜೀವಕ್ಕೆ ಬೇಕಾದ ಸಾಮಗ್ರಿ ಬಾಹ್ಯಾಕಾಶದಲ್ಲಿದೆಯೇ ಎಂದು ತಿಳಿಯಲು, ಸೂರ್ಯನ ಸುತ್ತ ತಿರುಗುವ ಬಂಡೆಯಂಥ ಕ್ಷುದ್ರಗ್ರಹಕ್ಕೆ ನೌಕೆ ಕಳಿಸಿ ಕಲ್ಲು ತರಬೇಕೇ, ಭೂಮಿಗೆ ತಾನಾಗಿ ಬಿದ್ದ ಉಲ್ಕಾಶಿಲೆ ಸಾಕೇ? ಎರಡು ವಾದ.

ಪರ: ಹೋಗಲೇಬೇಕು

ಕಕ್ಕಡದ ಮಳೆಯಲ್ಲಿ ಮಡಿಕೇರಿ ಕಡೆಯ ಕಾಫಿ ತೋಟಕ್ಕೆ ಇಂಗಾಲಭರಿತ ಉಲ್ಕಾಶಿಲೆಯೊಂದು ಬಿತ್ತೆಂದುಕೊಳ್ಳಿ. ಸುಲಭವಾಗಿ ಪುಡಿಯಾಗುವ, ಸಣ್ಣ ರಂಧ್ರಗಳ ಕಲ್ಲು ಅದು, ನೀರು ಹೀರುತ್ತದೆ. ನೀರಿನ ಜೊತೆ ತರಗೆಲೆಯ ಬೂಷ್ಟು, ಬ್ಯಾಕ್ಟೀರಿಯಾ, ಗಿಡಕ್ಕೆ ಹಾಕಿದ ಯೂರಿಯಾ ಎಲ್ಲವೂ ಒಳಗೆ. ವಾರದ ಮೇಲೆ ಅದರಲ್ಲಿ ಅಮೋನಿಯಾವೋ, ಪ್ರೋಟೀನುಗಳ ಘಟಕವಾದ ಅಮೈನೊ ಆಮ್ಲವೋ ಸಿಕ್ಕರೆ, ಅದು ಆಕಾಶದ್ದೋ ತೋಟದ್ದೋ?

ಬೆನ್ನು ಕ್ಷುದ್ರಗ್ರಹದ ಮಾದರಿಗೆ ಈ ತಕರಾರಿಲ್ಲ. ನಾಸಾದ ಒಸೈರಿಸ್-ರೆಕ್ಸ್ ನೌಕೆ 2020ರ ಅಕ್ಟೋಬರ್ 20ರಂದು ಅದರ ನೆಲಕ್ಕೆ ನೈಟ್ರೋಜನ್ ಊದಿ, ಎದ್ದ ಪುಡಿಗಲ್ಲನ್ನು ಹಿಡಿದುಕೊಂಡಿತು. ಗುರಿ ಇದ್ದದ್ದು 60 ಗ್ರಾಂ. 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ಬಂದದ್ದು 121.6 ಗ್ರಾಂ. ಡಬ್ಬಿಯ 35 ಬೋಲ್ಟುಗಳಲ್ಲಿ ಎರಡು ಬಿಗಿದುಕೊಂಡು ತಿಂಗಳುಗಟ್ಟಲೆ ಸತಾಯಿಸಿದವು. ಆದರೂ ನೈಟ್ರೋಜನ್ ತುಂಬಿದ ಪೆಟ್ಟಿಗೆಯಿಂದ ಅದನ್ನು ಹೊರಗೆ ತೆಗೆಯದೆ, ಹೊಸ ಸಲಕರಣೆ ಮಾಡಿಸಿಯೇ ಬಿಚ್ಚಿದರು.

ಫಲ ದೊಡ್ಡದು. ನಮ್ಮ ಪ್ರೋಟೀನುಗಳ 20 ಅಮೈನೊ ಆಮ್ಲಗಳಲ್ಲಿ 14, ಡಿಎನ್‌ಎ ಆರ್‌ಎನ್‌ಎಗಳ ಸಂಕೇತದ ಅಕ್ಷರಗಳಾದ ಐದೂ ಪ್ರತ್ಯಾಮ್ಲಗಳು ಸಿಕ್ಕಿವೆ. ಅಮೈನೊ ಆಮ್ಲಗಳಿಗೆ ಎಡಗೈ-ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ರೂಪಗಳಿರುತ್ತವೆ; ಜೀವಿಗಳು ಬಳಸುವುದು ಎಡಗೈ ರೂಪವನ್ನು. ಇಲ್ಲಿ ಎಡ-ಬಲ ಹೆಚ್ಚುಕಡಿಮೆ ಸಮ. ಅಂದರೆ ಇದು ಜೀವವಲ್ಲ, ಜೀವಕ್ಕೆ ಬೇಕಾದ ಸಾಮಗ್ರಿ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಲವಣಗಳು: ಉಪ್ಪುನೀರು ಆವಿಯಾಗಿ ಉಳಿದ ಸೋಡಿಯಂ ಕಾರ್ಬೊನೇಟಿನಂಥವು. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುವಂತೆ ಇವೂ ತೇವಗಾಳಿ ತಗಲಿದರೆ ಹಾಳು. ನೆಲಕ್ಕೆ ಬಿದ್ದ ಕಲ್ಲಿನಲ್ಲಿ ಇವನ್ನು ಹುಡುಕಿ ಪ್ರಯೋಜನವಿಲ್ಲ.

ವಿರೋಧ: ಮೊದಲು ಬಿದ್ದದ್ದನ್ನು ಸರಿಯಾಗಿ ಹೆಕ್ಕಿ

ನೌಕೆ ತಂದಿತೆಂದ ಮಾತ್ರಕ್ಕೆ ಮಡಿ ಉಳಿಯುವುದಿಲ್ಲ. ಜಪಾನಿನ ಹಯಬುಸಾ-2 ನೌಕೆ ಕ್ಷುದ್ರಗ್ರಹ ರ‍್ಯುಗುವಿನಿಂದ 5.4 ಗ್ರಾಂ ತಂದಿತು. ಅದರ ಒಂದು ಕಣವನ್ನು ಬ್ರಿಟನ್ನಿನಲ್ಲಿ ರಾಳದಲ್ಲಿ ಕೂರಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಎಳೆಎಳೆಯಾದ ಸೂಕ್ಷ್ಮಜೀವಿಗಳು ಕಂಡವು. 11 ಇದ್ದದ್ದು 147ಕ್ಕೇರಿ ಮತ್ತೆ 36ಕ್ಕಿಳಿಯಿತು. ಎಲ್ಲವೂ ಭೂಮಿಯವೇ.

ಯೂರಿಯಾದ ಪ್ರಶ್ನೆಗೂ ಉತ್ತರವಿದೆ. ಇಂಥ ಉಲ್ಕಾಶಿಲೆಯ ಅಮೈನೊ ಆಮ್ಲಗಳಲ್ಲಿ ನೈಟ್ರೋಜನ್-15, ಕಾರ್ಬನ್-13 ಎಂಬ ಭಾರವಾದ ಪರಮಾಣುಗಳು ಭೂಮಿಯದ್ದಕ್ಕಿಂತ ಹೆಚ್ಚು, ಗೊಬ್ಬರದಲ್ಲಿ ಹಾಗಿರುವುದಿಲ್ಲ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಸುಮಾರು 100 ಕಿಲೋ ಕಲ್ಲಿನಿಂದ, ನಮ್ಮ ಪ್ರೋಟೀನುಗಳಲ್ಲಿ ಇಲ್ಲದ ಐಸೊವ್ಯಾಲಿನ್‌ನಂಥ ಅಮೈನೊ ಆಮ್ಲಗಳೂ ಸಿಕ್ಕವು. ಬೆನ್ನು ಯೋಜನೆಗೆ ನೂರು ಕೋಟಿ ಡಾಲರ್ ಮೇಲೆ ಖರ್ಚಾಗಿ ಬಂದದ್ದು ಒಂದೇ ಕ್ಷುದ್ರಗ್ರಹದ ಒಂದು ಹಿಡಿ. ಲವಣದ ಮಾತನ್ನು ಮಾತ್ರ ಒಪ್ಪುತ್ತೇನೆ.

ಬೇಕಿರುವುದು ವೇಗ. 2021ರ ಫೆಬ್ರವರಿ 28ರಂದು ಇಂಗ್ಲೆಂಡಿನ ವಿಂಚ್‌ಕೂಂಬ್‌ನಲ್ಲಿ ಬಿದ್ದ ಉಲ್ಕೆಯ ದಾರಿಯನ್ನು ಕ್ಯಾಮೆರಾಗಳು ಹಿಡಿದವು. ಮನೆಯೆದುರಿನ ದಾರಿಗೆ ಬಿದ್ದ ಚೂರನ್ನು ಮರುದಿನ ಬೆಳಿಗ್ಗೆಯೇ ಎತ್ತಿಟ್ಟರು. ಮಡಿಕೇರಿ, ಮೈಸೂರು, ಮಂಗಳೂರಿನಲ್ಲಿ ಒಂದೊಂದು ಇಡೀ ಆಕಾಶದ ಕ್ಯಾಮೆರಾ ಇದ್ದರೆ ನಮಗೂ ದಾರಿ ಲೆಕ್ಕ ಹಾಕಬಹುದು. ಕಾಲ ನಿಖರವಾಗಿ ದಾಖಲಾಗಬೇಕು, ಇಲ್ಲದಿದ್ದರೆ ಉಲ್ಕೆಯ ವೇಗದ ಲೆಕ್ಕ ತಪ್ಪುತ್ತದೆ. ಮಳೆಗಾಲದಲ್ಲಿ ಇವು ದಂಡ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಕಾಶ ತಿಳಿ. ಕಾಫಿ ಒಣಗಿಸುವ ಸಿಮೆಂಟಿನ ಕಣಗಳೂ ಗುಡಿಸಿ ಸ್ವಚ್ಛವಾಗಿರುತ್ತವೆ.

ಕಣದಲ್ಲಿ ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನಲ್ಲೂ ಅಮೈನೊ ಆಮ್ಲವಿದೆ. ತೊಳೆಯಬೇಡಿ. ಮುರಕಲ್ಲೋ ಉಲ್ಕೆಯೋ ನೋಡೋಣವೆಂದು ಅಯಸ್ಕಾಂತ ಹಿಡಿದರೆ ಕಲ್ಲಿನ ಹಳೆಯ ಕಾಂತೀಯ ಗುರುತು ಅಳಿಯುತ್ತದೆ; ತೆಳುವಾದ ಕಪ್ಪು ಸುಟ್ಟ ಸಿಪ್ಪೆ ಇದೆಯೇ ನೋಡಿ, ಸಾಕು. ಮೊದಲು ಫೋಟೊ, ಜಿಪಿಎಸ್ ಗುರುತು, ಆಮೇಲೆ ಹೊಸ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ ಚೀಲಕ್ಕೆ. ಪಕ್ಕದ ಒಂದು ಚಮಚ ಮಣ್ಣು ಬೇರೆ ಚೀಲದಲ್ಲಿರಲಿ, ಹೋಲಿಕೆಗೆ ಅದೇ ಆಧಾರ. ಎರಡನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಒಪ್ಪಿಸಿ.